ಒಣಗಿದ ಗಿಡವೂ ಒಂದು ವೋಚರು

ಲೆಕ್ಕಪುಸ್ತಕದ ನಮೂದು ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದಕ್ಕೆ ವೋಚರು ಇಲ್ಲದಿದ್ದರೆ ಲೆಕ್ಕಪರಿಶೋಧಕನು ಒಪ್ಪುವುದಿಲ್ಲ. ಸಸ್ಯಶಾಸ್ತ್ರದಲ್ಲಿಯೂ ಇದೇ ನಿಯಮ. ಅಲ್ಲಿನ ವೋಚರೆಂದರೆ ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿದ ಗಿಡದ ಮಾದರಿ; ಜೊತೆಗೆ ಸ್ಥಳ, ದಿನಾಂಕ, ಸಂಗ್ರಾಹಕರ ಹೆಸರು. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಫಾದರ್ ಸೆಸಿಲ್ ಸಲ್ಡಾನಾ ಅವರು ಬೆಳೆಸಿದ ಇಂತಹ ಸಂಗ್ರಹ, ಅಂದರೆ ಹರ್ಬೇರಿಯಂ, ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಹಾಸನ ಜಿಲ್ಲೆಯ ಸಸ್ಯಗಳನ್ನು ಕುರಿತ 1976ರ ಗ್ರಂಥಕ್ಕೆ ಇಂತಹ ಹಾಳೆಗಳೇ ಆಧಾರ.

ವ್ಯಾಪಾರಿಗಳಾದ ನಮಗೆ ಇದರಿಂದೇನು ಎಂಬ ಪ್ರಶ್ನೆ ಸಹಜ. ನಂಜನಗೂಡಿನಲ್ಲಿ 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆಯನ್ನು ಸ್ಥಾಪಿಸಿದಂದಿನಿಂದ ಆಯುರ್ವೇದ ಔಷಧ ತಯಾರಿಕೆ ನಮ್ಮ ಸೀಮೆಗೆ ಚಿರಪರಿಚಿತ. ಆದರೆ ಮೂಲಿಕೆಯ ಪೇಟೆಯಲ್ಲಿ ಒಂದೇ ಹೆಸರಿಗೆ ಎರಡು ಗಿಡಗಳಿರುವುದುಂಟು. ನಿಜವಾದ ಅಶೋಕದ ತೊಗಟೆಗೆ ಬದಲಾಗಿ, ಅಶೋಕವೆಂದೇ ಕರೆಯಲ್ಪಡುವ ರಸ್ತೆಬದಿಯ ಕಂಬದಾಕಾರದ ಮರದ ತೊಗಟೆ ಬರುವುದು ಎಲ್ಲರಿಗೂ ತಿಳಿದ ಸಂಗತಿ. ಬಿಲ್ಲು ಸರಿ, ತೂಕ ಸರಿ, ಸರಕು ಮಾತ್ರ ತಪ್ಪು! ಅದು ತಿರಸ್ಕೃತವಾದರೆ ನಷ್ಟ ಸಣ್ಣ ತಯಾರಕನದೇ.

ಆದುದರಿಂದ ಸೋಸಲೆ, ತಿ. ನರಸೀಪುರ, ನಂಜನಗೂಡುಗಳ ಸುತ್ತ ಮೂಲಿಕೆ ಕೊಳ್ಳುವವರು, ಸರಕು ಬಂದ ತಾಣದಿಂದಲೇ ಹೂವುಳ್ಳ ಒಂದು ರೆಂಬೆಯನ್ನು ತರಿಸಿ ಒಣಗಿಸಿ, ಹರ್ಬೇರಿಯಂನಲ್ಲಿ ಗುರುತು ಮಾಡಿಸಿ, ಖರೀದಿಯ ಕಡತದಲ್ಲಿಡುವುದು ಒಳಿತು. ಬೆಂಗಳೂರಿನ ಎಫ್.ಆರ್.ಎಲ್.ಎಚ್.ಟಿ. ಸಂಸ್ಥೆಯಲ್ಲಿ ಔಷಧೀಯ ಸಸ್ಯಗಳಿಗೇ ಮೀಸಲಾದ ಸಂಗ್ರಹವಿದೆ. ವಾಣಿಜ್ಯ ಸಂಘವೇ ಸದಸ್ಯರ ಪರವಾಗಿ ಈ ಕೆಲಸವನ್ನು ಒಟ್ಟಾಗಿ ಮಾಡಿಸಿದರೆ ವೆಚ್ಚವೂ ಹಂಚಿಹೋಗುವುದು.

ಇಂತಹ ಸಂಗ್ರಹಗಳ ಪಾಲನೆಗೆ ನಾವು ನೀಡುವ ಹಣವನ್ನು ದಾನವೆಂದು ಭಾವಿಸಬೇಕಾಗಿಲ್ಲ. ಅದು ನಮ್ಮ ಸರಕಿನ ಹೆಸರನ್ನು ಉಳಿಸಿಕೊಳ್ಳುವ ಖರ್ಚು.