ಹವಾಯಿ ಚಪ್ಪಲಿಯೂ ಹವಾಯಿ ಜಹಾಜೂ



2017ರ ಏಪ್ರಿಲ್‌ನಲ್ಲಿ ಶಿಮ್ಲಾದಲ್ಲಿ ‘ಉಡಾನ್’ ಯೋಜನೆಯ ಮೊದಲ ವಿಮಾನಕ್ಕೆ ಬಾವುಟ ತೋರಿಸಿದ ಪ್ರಧಾನಿ, ಹವಾಯಿ ಚಪ್ಪಲಿ ಹಾಕಿದವರೂ ವಿಮಾನದಲ್ಲಿ ಕಾಣಬೇಕು ಎಂದರು. ಚಪ್ಪಾಳೆ ಬಿತ್ತು. ಚಪ್ಪಲಿಯ ಮಾತು ಬಂದರೆ ನಮ್ಮ ಕಿವಿ ನೆಟ್ಟಗಾಗುತ್ತದೆ. ಊರಿಗೆಲ್ಲ ಚಪ್ಪಲಿ ಹೊಲಿದುಕೊಟ್ಟು, ಗೌಡರ ಓಣಿಯಲ್ಲಿ ನಮ್ಮದನ್ನು ಕೈಯಲ್ಲಿ ಹಿಡಿದು ನಡೆದವರು ನಾವು.

2019ರ ನವೆಂಬರ್ 22ರಂದು ಕಲಬುರಗಿಗೂ ವಿಮಾನ ಬಂತು. ಶ್ರೀನಿವಾಸ ಸರಡಗಿಯ ಹತ್ತಿರ 3 ಕಿಲೋಮೀಟರಿಗೂ ಉದ್ದದ ರನ್‌ವೇ. ಕಟ್ಟಿಸಿದ್ದು ಸರ್ಕಾರದ ದುಡ್ಡು. ಅಂದರೆ ಸೋಪು, ಬೆಂಕಿಪೊಟ್ಟಣ ಕೊಂಡಾಗಲೂ ತೆರಿಗೆ ಕಟ್ಟುವ ನಮ್ಮೆಲ್ಲರ ದುಡ್ಡು.

ಈಗ ಲೆಕ್ಕ ಮಾಡೋಣ. ಉಡಾನ್ ಶುರುವಾದಾಗ ಒಂದು ತಾಸಿನ ಹಾರಾಟಕ್ಕೆ ಗೊತ್ತುಮಾಡಿದ ಅಗ್ಗದ ದರ 2,500 ರೂಪಾಯಿ. ಅದೂ ಸುಮಾರು ಅರ್ಧ ಸೀಟುಗಳಿಗೆ. ಕಲಬುರಗಿಗೆ ವಿಮಾನ ಬಂದ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 249 ರೂಪಾಯಿ. ಹತ್ತು ದಿನ ಮಣ್ಣು ಹೊತ್ತರೆ ಒಂದು ತಾಸು ಹಾರಬಹುದು. ಆ ಹತ್ತು ದಿನ ಹೊಟ್ಟೆಗೇನು ಹಾಕೋದು? ತಿರುಗಿ ಬರೋದು ಹ್ಯಾಂಗ?

ವಿಮಾನ ಕಂಪನಿಗೆ ನಷ್ಟವಾದರೆ ಮೂರು ವರ್ಷ ತುಂಬಿಕೊಡುವ ಏರ್ಪಾಡು ಈ ಯೋಜನೆಯಲ್ಲಿದೆ. ಈ ಯೋಜನೆಯ ನಿಲ್ದಾಣಗಳಲ್ಲಿ ತುಂಬಿಸುವ ವಿಮಾನದ ಇಂಧನಕ್ಕೆ ರಾಜ್ಯದ ತೆರಿಗೆ ಹೆಚ್ಚೆಂದರೆ ಶೇಕಡಾ 1. ಇರಲಿ. ಆದರೆ ತೊಗರಿ ಬೆಲೆ ಬಿದ್ದಾಗ ನಮ್ಮ ರೈತನಿಗೆ ಏನು ಸಿಗುತ್ತದೆ? ಅರ್ಜಿ ಕೊಡು, ಸರದಿಯಲ್ಲಿ ನಿಲ್ಲು. ಕಂಪನಿಗೆ ಕೊಟ್ಟರೆ ಅದಕ್ಕೆ ‘ಪ್ರೋತ್ಸಾಹ’ ಅನ್ನೋ ಮರ್ಯಾದೆಯ ಹೆಸರು. ಬಡವನಿಗೆ ಕೊಟ್ಟರೆ ‘ಪುಕ್ಕಟೆ’ ಅನ್ನೋ ಬೈಗುಳ.

ನಮ್ಮ ಮಂದಿ ಗುಳೆ ಹೋಗುವುದು ಹೇಗೆ? ಮುಂಬೈ–ಬೆಂಗಳೂರು ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯಲ್ಲಿ, ಪಾಯಖಾನೆಯ ಬಾಗಿಲಿಗೆ ಒರಗಿ, ಕೂಸನ್ನು ಮಡಿಲಲ್ಲಿ ಹಾಕಿಕೊಂಡು. ಕಲಬುರಗಿ ರೈಲ್ವೆ ವಿಭಾಗಕ್ಕೆ 2014ರಲ್ಲಿ ಅಡಿಗಲ್ಲು ಬಿತ್ತು. ಹತ್ತು ವರ್ಷ ಕಳೆದರೂ ವಿಭಾಗ ಬರಲಿಲ್ಲ. ಉಳ್ಳವರಿಗೆ ಉಡಾನ್, ಇಲ್ಲದವರಿಗೆ ಉದ್ಯಾನ್!

‘ಹಂಗಾರ ವಿಮಾನ ಬ್ಯಾಡೇನು?’ ಅಂತ ಕೇಳುವವರಿದ್ದಾರೆ. ಯಾಕ್ರಿ ಬ್ಯಾಡ? ಬೇಕು. ರೋಗಿ ಬೇಗ ಬೆಂಗಳೂರು ಮುಟ್ಟಲಿ. ನಮ್ಮ ಕೇರಿಯ ಹುಡುಗಿ ವಿಮಾನ ನಡೆಸಲಿ. ನಮ್ಮ ಜಗಳ ರೆಕ್ಕೆಯ ಮೇಲಲ್ಲ, ಬಾಗಿಲ ಮೇಲೆ. ಹೋರಾಡಿ ಪಡೆದ 371(ಜೆ) ವಿಧಿ ರಾಜ್ಯ ಸರ್ಕಾರದ ನೌಕರಿಗೆ ಆಸರೆಯಾಯಿತು; ಖಾಸಗಿ ವಿಮಾನ ಕಂಪನಿಯ ಹೊಸ್ತಿಲು ದಾಟಲಿಲ್ಲ. ಮೀಸಲಾತಿ ಇದ್ದ ಏರ್ ಇಂಡಿಯಾವನ್ನು 2022ರ ಜನವರಿಯಲ್ಲಿ ಖಾಸಗಿಯವರಿಗೆ ಒಪ್ಪಿಸಿದರು. ಅದರೊಂದಿಗೆ ನಮ್ಮ ಮುಂದಿನ ಮಕ್ಕಳ ಪಾಲೂ ಹೋಯಿತು. ಯಾರಾದರೂ ನಮ್ಮನ್ನು ಕೇಳಿದರೇನು?

ಆದ್ದರಿಂದ ನಾವೇ ಕೇಳೋಣ. ನಿಲ್ದಾಣದಲ್ಲಿ ಕಸಬರಿಗೆ ಹಿಡಿದವರು ಯಾವ ಜಾತಿ, ಕೌಂಟರಿನ ಹಿಂದೆ ಕೂತವರು ಯಾವ ಜಾತಿ? ಲೆಕ್ಕ ಹೊರಗಿಡಿ. ಜನರ ದುಡ್ಡು ಮುಟ್ಟಿದ ಪ್ರತಿ ಕಂಪನಿಯಲ್ಲೂ, ಪ್ರತಿ ಗುತ್ತಿಗೆಯಲ್ಲೂ ಮೀಸಲಾತಿ ಕೊಡಿ. ಜನರಲ್ ಡಬ್ಬಿ ಹೆಚ್ಚಿಸಿ.

ಹಳ್ಳಿಯ ಮಾಸ್ತರರೇ, ನಾಳೆ ಕರಿಹಲಗೆಯ ಮೇಲೆ ಒಂದು ಭಾಗಾಕಾರ ಬರೆಯಿರಿ: 2,500 ಭಾಗಿಸು 249. ಉತ್ತರ ಹತ್ತು ಅಂತ ಮಕ್ಕಳು ಹೇಳುತ್ತಾರೆ. ಹತ್ತು ಏನು ಅಂತ ಕೇಳಿ. ಅಲ್ಲಿಂದ ಪಾಠ ಶುರುವಾಗಲಿ.