ಮದ್ದಿನ ಮಾತು: ಕಾಲು ಉದ್ದವಾಗುವ ದಿನಗಳಲ್ಲಿ ತಗೊಳ್ಳುವ ಗುಳಿಗೆ

ಹೈದರಾಬಾದಿನಿಂದ ಓದುಗರೊಬ್ಬರು ಬರೆದಿದ್ದಾರೆ. ಅವರ ಮಗನಿಗೆ ಬೈಕ್ ಅಪಘಾತದಲ್ಲಿ ಮೊಣಕಾಲ ಕೆಳಗಿನ ಮೂಳೆ ಮುರಿದಿತ್ತು. ಅದು ಕೂಡಿಕೊಂಡಿತು, ಆದರೆ ಕಾಲು 4 ಸೆಂಟಿಮೀಟರ್ ಗಿಡ್ಡವಾಯಿತು. ಕುಂಟುತ್ತ ನಡೆದು ಸೊಂಟನೋವು ಶುರುವಾದ ಮೇಲೆ ಕಾಲು ಉದ್ದ ಮಾಡುವ ಶಸ್ತ್ರಚಿಕಿತ್ಸೆ ಮಾಡಿಸಿದ್ದಾರೆ. ಈಗ ಕಾಲ ಸುತ್ತ ಉಕ್ಕಿನ ಬಳೆಗಳು, ಮೂಳೆಯೊಳಗೆ ತಂತಿಗಳು. "ಆಪರೇಷನ್ ಚೆನ್ನಾಗಿ ಆಯಿತು ಅಂದರು. ಆದರೆ ರಾತ್ರಿ ನೋವು ತಡೆಯಲು ಆಗುತ್ತಿಲ್ಲ. ನಮ್ಮ ಬಿಲ್ಡಿಂಗ್ ಕೆಳಗಿನ ಮೆಡಿಕಲ್‌ನವರು ಒಂದು ಮಾತ್ರೆ ಕೊಟ್ಟರು. ಅದರಿಂದ ಎರಡು ರಾತ್ರಿ ನಿದ್ದೆ ಮಾಡಿದ. ಮುಂದುವರಿಸಬಹುದೇ?" ಎಂದು ಕೇಳಿದ್ದಾರೆ. ಮಾತ್ರೆಯ ಫೋಟೋ ಕೂಡ ಇದೆ. ಅಸಿಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಗುಳಿಗೆ, ನಮ್ಮ ದೇಶದಲ್ಲಿ ಸೊಂಟನೋವಿಗೂ ಹಲ್ಲುನೋವಿಗೂ ಕೈಗೆ ಸಿಗುವ ಗುಳಿಗೆ.

ಮೊದಲೇ ಹೇಳಿಬಿಡುತ್ತೇನೆ ಅಮ್ಮಾ, ನಿಮ್ಮ ಸರ್ಜನ್‌ರನ್ನು ಕೇಳದೆ ಅದನ್ನು ಇನ್ನೊಂದು ರಾತ್ರಿಯೂ ಕೊಡಬೇಡಿ. ನಾನು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದವನು, ಸರ್ಜನ್ ಅಲ್ಲ. ಕಾಲಿನ ಮಾತು ಅವರದೇ. ಆದರೆ ಈ ಗುಳಿಗೆ ಯಾಕೆ ಬೇಡ ಅನ್ನುವುದನ್ನು ವಿವರಿಸುವುದು ನನ್ನ ಕಸುಬಿಗೆ ಸೇರಿದ್ದು. ಅದು ತಿಳಿಯಬೇಕಾದರೆ ಆ ಬಳೆಗಳ ಒಳಗೆ ಏನು ನಡೆಯುತ್ತಿದೆ ಎಂದು ಗೊತ್ತಿರಬೇಕು.

ಈ ವಿದ್ಯೆ ಸೈಬೀರಿಯಾದ ಕುರ್ಗಾನ್ ಎಂಬ ಊರಿನದು. ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ, ಕೈಕಾಲು ಮುರಿದುಕೊಂಡ ಜನ ತುಂಬಿದ್ದ ಆ ಭಾಗದಲ್ಲಿ, ಗವ್ರಿಲ್ ಇಲಿಜಾರೋವ್ ಎಂಬ ವೈದ್ಯರು ಬಳೆ ಮತ್ತು ತಂತಿಗಳ ಈ ಚೌಕಟ್ಟನ್ನು ರೂಪಿಸಿದರು. ಮೂಳೆಯನ್ನು ಅಡ್ಡ ಕತ್ತರಿಸಿ, ಕೆಲವು ದಿನ ಸುಮ್ಮನೆ ಬಿಟ್ಟು, ಆಮೇಲೆ ಎರಡು ತುಂಡುಗಳನ್ನು ಬಹಳ ನಿಧಾನ ದೂರ ಸರಿಸಿದರೆ ನಡುವಿನ ಜಾಗದಲ್ಲಿ ಹೊಸ ಮೂಳೆ ಹುಟ್ಟುತ್ತದೆ ಎಂದು ಅವರು ತೋರಿಸಿದರು. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದ ವಲೇರಿ ಬ್ರುಮೆಲ್ ಮರುವರ್ಷವೇ ಮೋಟಾರ್‌ಸೈಕಲ್ ಅಪಘಾತದಲ್ಲಿ ಕಾಲು ನುಚ್ಚುನೂರು ಮಾಡಿಕೊಂಡರು. ಹಲವು ಶಸ್ತ್ರಚಿಕಿತ್ಸೆಗಳು ಸೋತ ಮೇಲೆ ಅವರು ಹೋಗಿದ್ದು ಕುರ್ಗಾನ್‌ಗೆ. ಇಲಿಜಾರೋವ್ ಹೆಸರು ಸೋವಿಯತ್ ದೇಶದ ಮನೆಮನೆಗೂ ಮುಟ್ಟಿದ್ದು ಆಗ.

ನಿಧಾನ ಅಂದರೆ ಎಷ್ಟು ನಿಧಾನ? ಸಾಮಾನ್ಯವಾಗಿ ದಿನಕ್ಕೆ 1 ಮಿಲಿಮೀಟರ್. ಅದೂ ಒಂದೇ ಸಲಕ್ಕಲ್ಲ, ಕಾಲು ಮಿಲಿಮೀಟರ್‌ನಂತೆ ನಾಲ್ಕು ಸಲ. ಈಗ ಮೂಳೆಯೊಳಗೇ ಕೂರುವ, ಹೊರಗಿನಿಂದ ಅಯಸ್ಕಾಂತ ಹಿಡಿದು ಉದ್ದ ಮಾಡುವ ಸರಳುಗಳೂ ಬಂದಿವೆ. ದುಬಾರಿ, ಆದರೆ ಅಲ್ಲೂ ಮೂಳೆಯ ಲೆಕ್ಕ ಹೆಚ್ಚುಕಡಿಮೆ ಇದೇ. ನಿಮ್ಮ ಮಗನ 4 ಸೆಂಟಿಮೀಟರ್‌ಗೆ ಹತ್ತಿರ ಹತ್ತಿರ 40 ದಿನ ಎಳೆಯುವುದು, ಆಮೇಲೆ ಅದರ ಎರಡು ಪಟ್ಟೋ ಇನ್ನೂ ಹೆಚ್ಚೋ ದಿನ ಆ ಹೊಸ ಮೂಳೆ ಗಟ್ಟಿಯಾಗಲು ಕಾಯುವುದು. ಚೌಕಟ್ಟು ಒಟ್ಟು ನಾಲ್ಕರಿಂದ ಆರು ತಿಂಗಳು ಕಾಲ ಮೇಲೆ ಇರುತ್ತದೆ ಅಂದುಕೊಳ್ಳಿ. ಆಪರೇಷನ್ ಥಿಯೇಟರ್‌ನಲ್ಲಿ ಆದದ್ದು ಕೆಲವು ಗಂಟೆಗಳ ಕೆಲಸ. ಉಳಿದ ಇಷ್ಟೂ ತಿಂಗಳ ಚಿಕಿತ್ಸೆ ನಡೆಯುವುದು ನಿಮ್ಮ ಮನೆಯ ಹಾಲ್‌ನಲ್ಲಿ, ನಿಮ್ಮ ಕೈಯಲ್ಲಿ.

ಈಗ ಗುಳಿಗೆಗೆ ಬರೋಣ. ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್, ಎಟೋರಿಕಾಕ್ಸಿಬ್, ಇವೆಲ್ಲ ಒಂದೇ ಮನೆತನ. ನೋವು ಮತ್ತು ಉರಿಯೂತ ಹುಟ್ಟಿಸುವ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುಗಳನ್ನು ಇವು ತಡೆಯುತ್ತವೆ. ಅದಕ್ಕೇ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತವೆ. ತೊಡಕು ಇಲ್ಲೇ ಇದೆ. ಮುರಿದ ಮೂಳೆ ತನ್ನ ದುರಸ್ತಿ ಶುರುಮಾಡುವುದೂ ಅದೇ ಪ್ರೋಸ್ಟಗ್ಲಾಂಡಿನ್‌ಗಳ ಸಹಾಯದಿಂದ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಈ ಗುಳಿಗೆಗಳಿಂದ ಮೂಳೆ ಕೂಡುವುದು ತಡವಾದದ್ದು ಕಂಡಿದೆ. ಮನುಷ್ಯರಲ್ಲಿ ಸಾಕ್ಷ್ಯ ಅಷ್ಟು ಖಚಿತವಿಲ್ಲ. ಕೆಲವೇ ದಿನ ತಗೊಂಡರೆ ತೊಂದರೆಯಿಲ್ಲ ಅನ್ನುವವರೂ ಇದ್ದಾರೆ. ಆದರೆ ಸಾಧಾರಣ ಮುರಿತಕ್ಕೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ಇಡೀ 4 ಸೆಂಟಿಮೀಟರ್ ಮೂಳೆ ಹೊಸದಾಗಿ ಹುಟ್ಟಬೇಕು, ಅದೂ ತಿಂಗಳುಗಟ್ಟಲೆ. ಅದಕ್ಕೇ ಅನೇಕ ಸರ್ಜನ್‌ಗಳು ಈ ಮನೆತನವನ್ನೇ ದೂರ ಇಡುತ್ತಾರೆ. ಎರಡು ರಾತ್ರಿ ಕೊಟ್ಟದ್ದಕ್ಕೆ ಗಾಬರಿಯಾಗಬೇಡಿ. ಎರಡು ತಿಂಗಳು ಕೊಡಬೇಡಿ ಅನ್ನುವುದಷ್ಟೇ ಮಾತು.

ಇನ್ನೊಂದು ಕಾರಣವೂ ಇದೆ. ಕಾಲಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಹೊಟ್ಟೆಯ ಚರ್ಮಕ್ಕೆ ಚುಚ್ಚುವ ಇಂಜೆಕ್ಷನ್ನೋ ಗುಳಿಗೆಯೋ ಕೊಟ್ಟಿದ್ದರೆ, ಅದರ ಜೊತೆ ಈ ನೋವಿನ ಗುಳಿಗೆ ಸೇರಿದಾಗ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಮೆಡಿಕಲ್‌ನವರಿಗೆ ಆ ಇಂಜೆಕ್ಷನ್ ವಿಷಯ ನೀವು ಹೇಳಿರಲಿಕ್ಕಿಲ್ಲ, ಅವರೂ ಕೇಳಿರಲಿಕ್ಕಿಲ್ಲ.

ಇನ್ನು ಪ್ಯಾರಾಸಿಟಮಾಲ್. ಇದು ಮೂಳೆಗೆ ಅಡ್ಡಬರುವುದಿಲ್ಲ ಎಂದೇ ಇದನ್ನು ನೋವಿನ ಚಿಕಿತ್ಸೆಯ ತಳಪಾಯ ಮಾಡುತ್ತಾರೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮಿತಿ. ತೂಕ ಕಡಿಮೆಯಿದ್ದರೆ, ಲಿವರ್ ತೊಂದರೆ ಅಥವಾ ಕುಡಿತ ಇದ್ದರೆ ಮಿತಿ ಇನ್ನೂ ಕೆಳಗೆ. ನಮ್ಮಲ್ಲಿ ಈ ಮಿತಿ ದಾಟುವುದು ಗೊತ್ತಾಗದ ಹಾಗೆ. ಲೆಕ್ಕ ಹಾಕಿ ನೋಡಿ. ಬೆಂಗಳೂರಿನ ಕಂಪನಿಯದೇ ಆದ ಡೋಲೋ 650 ದಿನಕ್ಕೆ ನಾಲ್ಕು, ಅಂದರೆ 2,600 ಮಿಲಿಗ್ರಾಂ. ಮೆಡಿಕಲ್‌ನವರು ಕೊಟ್ಟ ಜೋಡಿ ಗುಳಿಗೆಯಲ್ಲಿ ಒಂದಕ್ಕೆ 325, ಎರಡಕ್ಕೆ 650. ಆಸ್ಪತ್ರೆಯಿಂದ ತಂದ ಟ್ರಾಮಾಡಾಲ್ ಜೋಡಿ ಗುಳಿಗೆಯಲ್ಲೂ 325, ಮೂರಕ್ಕೆ 975. ಒಟ್ಟು 4,225. ಮೂರು ಬೇರೆ ಹೆಸರು, ಮೂರು ಬೇರೆ ಬಣ್ಣ, ಒಳಗೆ ಅದೇ ಔಷಧ. ಬ್ರ್ಯಾಂಡ್ ಹೆಸರು ದಪ್ಪಕ್ಷರದಲ್ಲಿರುತ್ತದೆ. ನಾವು ಓದಬೇಕಾದದ್ದು ಅದರ ಕೆಳಗಿನ ಸಣ್ಣಕ್ಷರ.

ಟ್ರಾಮಾಡಾಲ್ ಬಗ್ಗೆ ಎರಡು ಬಗೆಯ ಭಯ ನೋಡಿದ್ದೇನೆ. 2018ರಲ್ಲಿ ಸರ್ಕಾರ ಅದನ್ನು ಮಾದಕದ್ರವ್ಯ ನಿಯಂತ್ರಣ ಕಾಯ್ದೆಯಡಿ ತಂದಮೇಲೆ 'ಅದು ಚಟದ ಗುಳಿಗೆ' ಎಂದು ಮುಟ್ಟದೇ ಇರುವವರಿದ್ದಾರೆ. ಮೊದಲ ವಾರಗಳ ತೀವ್ರ ನೋವಿಗೆ, ಬರೆದಷ್ಟೇ ಪ್ರಮಾಣದಲ್ಲಿ, ಅದು ಉಪಯುಕ್ತ ಔಷಧ. ಆದರೆ ತಲೆ ತಿರುಗಿಸುತ್ತದೆ, ವಾಂತಿ ಬರಿಸುತ್ತದೆ, ಮಲಬದ್ಧತೆ ಮಾಡುತ್ತದೆ. ಚೌಕಟ್ಟು ಹೊತ್ತುಕೊಂಡು ಪಾಯಖಾನೆಯಲ್ಲಿ ಅರ್ಧ ಗಂಟೆ ಕೂರುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಗುಳಿಗೆ ಬರೆಯುವಾಗಲೇ ಲ್ಯಾಕ್ಟುಲೋಸ್‌ನಂಥ ಸಿರಪ್ ಬೇಕೇ ಎಂದು ಕೇಳಿ. ನಿದ್ದೆಗುಳಿಗೆ, ಮದ್ಯ ಅದರ ಹತ್ತಿರ ಸುಳಿಯಬಾರದು. ಖಿನ್ನತೆಗೆ ಔಷಧ ನಡೆಯುತ್ತಿದ್ದರೆ ಅದನ್ನು ಡಾಕ್ಟರಿಗೆ ಮುಚ್ಚಿಡಬಾರದು. ವಾರಗಟ್ಟಲೆ ತಗೊಂಡ ಮೇಲೆ ಇದನ್ನಾಗಲಿ, ನರದ ನೋವಿಗೆ ಕೊಡುವ ಪ್ರೀಗ್ಯಾಬಾಲಿನ್, ಗ್ಯಾಬಾಪೆಂಟಿನ್‌ಗಳನ್ನಾಗಲಿ ಒಂದೇ ದಿನದಲ್ಲಿ ನಿಲ್ಲಿಸಬಾರದು. ಅವರು ಹೇಳಿದಂತೆ ಇಳಿಸುತ್ತ ಬರಬೇಕು.

ಗುಳಿಗೆ ಹೆಚ್ಚು ತಿನ್ನುವವರ ಕಥೆ ಇದಾದರೆ, ಕಡಿಮೆ ತಿನ್ನುವವರದು ಇನ್ನೊಂದು. ನಮ್ಮ ಅಕ್ಕನ ಮಗನಿಗೂ ಇದೇ ಚಿಕಿತ್ಸೆ ಆಗಿತ್ತು. ಬಾಗಲಕೋಟೆಯಿಂದ ಬಂದು ಪುಣೆಯ ನಮ್ಮ ಮನೆಯಲ್ಲಿ ಐದು ತಿಂಗಳಿದ್ದ. ಅಕ್ಕನೂ ಜೊತೆಗಿದ್ದಳು. ಅವಳದು ಒಂದೇ ಮಾತು, "ಇಷ್ಟೊಂದ್ ಗುಳಿಗಿ ತಿಂದ್ರ ಉಷ್ಣ ಆಗ್ತದ ತಮ್ಮಾ. ಸ್ವಲ್ಪ ತಡಕೊಂಡ್ರ ಏನಾತು?" ಹುಡುಗ ತಡೆದುಕೊಂಡ. ತಡೆದುಕೊಂಡವನು ವ್ಯಾಯಾಮ ಮಾಡಲಿಲ್ಲ, ಯಾಕೆಂದರೆ ಪಾದ ಮೇಲಕ್ಕೆತ್ತಿದರೆ ಮೀನಖಂಡ ಹರಿದಂತಾಗುತ್ತಿತ್ತು. ಮೂಳೆ ದಿನಕ್ಕೆ 1 ಮಿಲಿಮೀಟರ್ ಉದ್ದವಾಗುತ್ತದೆ, ಸ್ನಾಯು ಅಷ್ಟು ಸಲೀಸಾಗಿ ಹಿಂಬಾಲಿಸುವುದಿಲ್ಲ. ಮೀನಖಂಡ ಬಿಗಿದು ಪಾದ ಕೆಳಮುಖವಾಗಿ ನಿಂತುಬಿಟ್ಟರೆ ಕಾಲು ಉದ್ದವಾಗಿಯೂ ತುದಿಗಾಲಲ್ಲೇ ನಡೆಯಬೇಕಾಗುತ್ತದೆ. ಫಿಸಿಯೋಥೆರಪಿಸ್ಟ್ ಅಕ್ಕನನ್ನು ಕೂರಿಸಿಕೊಂಡು ಮುರುಕು ಹಿಂದಿ, ಮರಾಠಿಯಲ್ಲಿ ತಿಳಿಸಿ ಹೇಳಿದರು. ಅಂದಿನಿಂದ ಬೆಳಗಿನ ಗುಳಿಗೆಯನ್ನು ವ್ಯಾಯಾಮಕ್ಕೆ ಮುಕ್ಕಾಲು ಗಂಟೆ ಮೊದಲು ಕೊಡತೊಡಗಿದೆವು. ಬೇರೆ ಏನನ್ನೂ ಬದಲಿಸಲಿಲ್ಲ. ಹದಿನೈದು ದಿನದಲ್ಲಿ ಪಾದ ನೇರಕ್ಕೆ ಬಂತು. ಬಳೆಗಳ ಮೇಲೆ ಹಾಯುವಂತೆ ಪಾಯಜಾಮದ ಬದಿ ಬಿಚ್ಚಿ ನಾಡಿ ಹೊಲಿದುಕೊಟ್ಟ ನಮ್ಮ ಓಣಿಯ ಟೇಲರನನ್ನೂ ಇಲ್ಲಿ ನೆನೆಯಬೇಕು.

ಅಕ್ಕನಿಗೆ ಇಂಗ್ಲಿಷ್ ಬಾರದು. ಆಸ್ಪತ್ರೆಯ ಚೀಟಿ ಇಂಗ್ಲಿಷ್, ಮೆಡಿಕಲ್‌ನವನು ಮರಾಠಿ. ಹೊರನಾಡಿನಲ್ಲಿರುವ ನಮ್ಮ ಎಷ್ಟೋ ಮನೆಗಳಲ್ಲಿ ಆರೈಕೆಗೆ ಬರುವವರು ಊರಿನ ಅಮ್ಮ, ಅಕ್ಕ, ಅತ್ತೆಯಂದಿರೇ. ನಾನು ಪ್ರತಿ ಪಟ್ಟಿಯ ಬೆನ್ನಿಗೆ ಬಿಳಿ ಟೇಪ್ ಅಂಟಿಸಿ ಕನ್ನಡದಲ್ಲಿ 'ಮುಂಜಾನೆ ಉಂಡಮೇಲೆ', 'ಭಾನುವಾರ ಮಾತ್ರ' ಎಂದು ಬರೆದಿದ್ದೆ. ಆ 'ಭಾನುವಾರ ಮಾತ್ರ' ವಿಟಮಿನ್ ಡಿಯ 60,000 ಯೂನಿಟ್‌ನದು. ವಾರಕ್ಕೊಂದು ತಗೊಳ್ಳಬೇಕಾದ ಇದನ್ನು 'ಮೂಳೆಗೆ ಒಳ್ಳೆಯದಲ್ಲವೇ' ಎಂದು ದಿನವೂ ನುಂಗಿ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ, ಗೊಂದಲ, ಮೂತ್ರಪಿಂಡದ ತೊಂದರೆಯೊಂದಿಗೆ ಆಸ್ಪತ್ರೆ ಸೇರುವವರಿದ್ದಾರೆ. ಹೆಚ್ಚು ತಗೊಂಡರೆ ಮೂಳೆ ಬೇಗ ಬೆಳೆಯುವುದಿಲ್ಲ. ಮೂಳೆಯನ್ನು ಖಂಡಿತ ತಡಮಾಡುವ ವಸ್ತುವೊಂದು ಮಾತ್ರ ಮೆಡಿಕಲ್‌ನಲ್ಲಲ್ಲ, ಪಾನ್ ಅಂಗಡಿಯಲ್ಲಿ ಸಿಗುತ್ತದೆ. ಸಿಗರೇಟಾಗಲಿ, ಅಂಗೈಯಲ್ಲಿ ಸುಣ್ಣದ ಜೊತೆ ತಿಕ್ಕುವ ತಂಬಾಕಾಗಲಿ, ಗುಟ್ಕಾ ಆಗಲಿ, ನಿಕೋಟಿನ್ ರಕ್ತನಾಳ ಕುಗ್ಗಿಸುತ್ತದೆ. ಮಗನಿಗೆ ಆ ಅಭ್ಯಾಸ ಇದ್ದರೆ ಬೈಯುವ ಬದಲು ಡಾಕ್ಟರಿಗೆ ತಿಳಿಸಿ, ಬಿಡಿಸುವ ದಾರಿ ಕೇಳಿ.

ತಂತಿ ಚರ್ಮದೊಳಗೆ ಹೋಗುವ ಜಾಗದಲ್ಲಿ ಸೋಂಕು ಆಗುವುದು ಸಾಮಾನ್ಯ. ಕೆಂಪಾಗಿ, ಬಿಸಿಯಾಗಿ, ಕೀವು ಬಂದರೆ ಫೋಟೋ ತೆಗೆದು ಆಸ್ಪತ್ರೆಗೆ ಕಳಿಸಿ. ಕಳೆದ ಸಲ ಉಳಿದ ಆಂಟಿಬಯೋಟಿಕ್ ನಾಲ್ಕು ಗುಳಿಗೆ ನುಂಗಿಸಬೇಡಿ. ಅರಿಶಿಣ, ಕೊಬ್ಬರಿ ಎಣ್ಣೆ ಬೇಡವೇ ಬೇಡ. ಹೇಗೆ ಒರೆಸಬೇಕೆಂದು ಅವರು ಹೇಳಿಕೊಟ್ಟಿದ್ದಾರೋ ಹಾಗೆ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಾಲಿಗೆ ಬರುತ್ತೇನೆ: 'ಕೊಟ್ಟ ಮಾತ್ರೆ ಸಾಲುತ್ತಿಲ್ಲ.' ಮೊದಲು ಸಾಲುತ್ತಿದ್ದ ಮಾತ್ರೆ ಈಗ ಸಾಲದಾಗಿದ್ದರೆ ಅದು ಮೆಡಿಕಲ್‌ನವರಿಗೆ ಕೇಳುವ ಪ್ರಶ್ನೆಯಲ್ಲ. ನರ ಎಳೆತಕ್ಕೆ ಸಿಕ್ಕಿರಬಹುದು. ಪಾದದ ಮೇಲ್ಭಾಗ ಜುಮ್ಮೆನ್ನುತ್ತಿದೆಯೇ, ಮರಗಟ್ಟಿದೆಯೇ, ಹೆಬ್ಬೆರಳನ್ನು ತನ್ನಷ್ಟಕ್ಕೆ ಮೇಲಕ್ಕೆ ಎತ್ತಲು ಆಗುತ್ತಿದೆಯೇ ಎಂದು ಇವತ್ತೇ ನೋಡಿ. ಆಗದಿದ್ದರೆ ಈ ಕ್ಷಣ ಫೋನ್ ಮಾಡಿ. ಸರ್ಜನ್ ಎಳೆಯುವ ವೇಗ ಕಡಿಮೆ ಮಾಡಬಹುದು, ಕೆಲವು ದಿನ ನಿಲ್ಲಿಸಲೂಬಹುದು. ಎಷ್ಟೋ ಸಲ ನೋವಿಗೆ ಅದೇ ಔಷಧ. ಹೊಸ ಗುಳಿಗೆಯಿಂದ ನಿದ್ದೆ ಬಂದರೆ ಆ ಸುದ್ದಿ ಅವರಿಗೆ ತಲುಪುವುದೇ ಇಲ್ಲ. ಮೀನಖಂಡ ಊದಿ ಬಿಗಿದರೆ, ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಫೋನ್ ಕೂಡ ಬೇಡ, ನೇರ ತುರ್ತು ವಿಭಾಗಕ್ಕೆ.

ಇದನ್ನು ಬರೆಯುವಾಗ ನಿಮ್ಮ ಊರಿನದೇ 2016ರ ಸುದ್ದಿ ನೆನಪಾಗುತ್ತದೆ. ಒಬ್ಬ ತರುಣ ಎತ್ತರವಾಗಲೆಂದು ಮನೆಯವರಿಗೆ ತಿಳಿಸದೆ ಇದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ. ಎತ್ತರದ ಆಸೆಯ ಬಗ್ಗೆ ನಾನು ತೀರ್ಪು ಕೊಡಲಾರೆ. ಆದರೆ ಪಿ.ಜಿ. ರೂಮಿನಲ್ಲಿ ಒಬ್ಬನೇ ಮಲಗಿ, ಹೆಬ್ಬೆರಳು ಏಳುತ್ತಿದೆಯೇ ಎಂದು ನೋಡುವವರಿಲ್ಲದೆ, ಡಬ್ಬಿ ತುಂಬ ಗುಳಿಗೆ ಇಟ್ಟುಕೊಂಡು ಮಾಡುವ ಚಿಕಿತ್ಸೆ ಇದಲ್ಲ. ಗುಟ್ಟಾಗಿ ಯೋಚಿಸುತ್ತಿರುವವರು ಈ ಅಂಕಣ ಓದುತ್ತಿದ್ದರೆ, ಮನೆಯಲ್ಲಿ ಒಬ್ಬರಿಗಾದರೂ ಮೊದಲೇ ಹೇಳಿ.

ದಸರೆಗೆ ಊರಿಗೆ ಕರೆದುಕೊಂಡು ಹೋಗಬಹುದೇ ಎಂದೂ ಕೇಳಿದ್ದೀರಿ. ಎಳೆಯುವ ದಿನಗಳು ಮುಗಿಯುವವರೆಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ರಾತ್ರಿ ಬಸ್ಸಿನಲ್ಲಿ ಹತ್ತು ಗಂಟೆ ಕಾಲು ಅಲ್ಲಾಡಿಸದೆ ಕೂರುವುದು ರಕ್ತ ಹೆಪ್ಪುಗಟ್ಟಲು ಕರೆದಂತೆ. ಆಮೇಲೆ ಸರ್ಜನ್ ಒಪ್ಪಿದರೆ, ಎಕ್ಸ್-ರೇ, ತಿರುಗಿಸಿದ ದಿನಗಳ ಪಟ್ಟಿ, ಗುಳಿಗೆಗಳ ಪಟ್ಟಿ, ಮೂರನ್ನೂ ಚೀಲದಲ್ಲಿಟ್ಟುಕೊಂಡು ಹೋಗಿ. ಚೌಕಟ್ಟು ಯಾವಾಗ ತೆಗೆಯುತ್ತಾರೆ ಅನ್ನುವುದಕ್ಕೆ ಕ್ಯಾಲೆಂಡರ್ ನೋಡುವುದಿಲ್ಲ. ಎಕ್ಸ್-ರೇಯಲ್ಲಿ ಹೊಸ ಮೂಳೆಯ ನಾಲ್ಕು ಬದಿಗಳಲ್ಲಿ ಕನಿಷ್ಠ ಮೂರು ಗಟ್ಟಿಯಾಗಿ ಕಾಣಬೇಕು. ತೆಗೆದ ಮೇಲೂ ಕೆಲವು ವಾರ ಊರುಗೋಲು ಇರುತ್ತದೆ, ಆಗ ಬಿದ್ದರೆ ಹೊಸ ಮೂಳೆ ಮುರಿಯಬಹುದು. ಹಾಗಾಗಿ ತಲೆ ತಿರುಗಿಸುವ ಗುಳಿಗೆ ಯಾವುದಾದರೂ ಇನ್ನೂ ನಡೆಯುತ್ತಿದೆಯೇ ಎಂದು ಅಂದು ಮತ್ತೊಮ್ಮೆ ಕೇಳಿ, ಬಾತ್‌ರೂಮಿನ ನೆಲದ ಮೇಲಿನ ಒದ್ದೆ ಮ್ಯಾಟ್ ತೆಗೆದಿಡಿ.