ಮಾಳಿಗೆಯ ಮೇಲಣ ಉದ್ಯೋಗ

ಹಲಸೂರಿನ ನಮ್ಮ ನೆರೆಮನೆಯ ತರುಣನು ಐ.ಟಿ.ಐ.ಯಲ್ಲಿ ವಿದ್ಯುತ್ತಿನ ಕೆಲಸವನ್ನು ಕಲಿತು, ಮಾಳಿಗೆಗಳ ಮೇಲೆ ಸೌರಫಲಕಗಳನ್ನು ಜೋಡಿಸುವ ಉದ್ಯೋಗಕ್ಕೆ ಸೇರಿದನು. “ಓದಿದವನು ಮಾಳಿಗೆ ಹತ್ತುವುದೆ?” ಎಂದು ಅವನ ತಂದೆಯು ಖಿನ್ನನಾಗಿ ನನ್ನಲ್ಲಿ ಹೇಳಿಕೊಂಡನು.

1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರನ್ನು ಬೆಳಗಿತು. ಕಂಬ ಹತ್ತುವವರಿಲ್ಲದಿದ್ದರೆ ಆ ದೀಪವೆಲ್ಲಿತ್ತು? 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯು 1 ಕೋಟಿ ಮನೆಗಳನ್ನು ಗುರಿಯಾಗಿಟ್ಟು, 3 ಕಿಲೋವ್ಯಾಟಿನ ಸ್ಥಾವರಕ್ಕೆ 78,000 ರೂಪಾಯಿಗಳ ಸಹಾಯಧನವನ್ನು ಗೊತ್ತುಮಾಡಿತು. ಫಲಕಗಳು ದೂರದಿಂದ ಬರಬಹುದು; ಅವನ್ನು ಜೋಡಿಸುವ, ತಂತಿಯನ್ನು ಪರೀಕ್ಷಿಸುವ, ಧೂಳೊರೆಸುವ ಕೈಗಳು ಊರಿನವೇ ಆಗಬೇಕು.

ವಾಚಕರೆ, ಮಕ್ಕಳು ಮಾಳಿಗೆ ಹತ್ತುವರೆಂದು ನಾಚಬೇಡಿರಿ. ಹತ್ತುವಾಗ ಸೊಂಟಕ್ಕೆ ರಕ್ಷಾಪಟ್ಟಿಯನ್ನು ಯಜಮಾನನು ಕೊಡುವನೆ ಎಂದು ವಿಚಾರಿಸಿರಿ. ಮಾನದ ಚಿಂತೆಗಿಂತ ಪ್ರಾಣದ ಚಿಂತೆಯು ತಂದೆಗೆ ಉಚಿತವಾದುದು. ನೆರೆಯವನಿಗೂ ಇದನ್ನೇ ಹೇಳಿದೆನು.